ಜಲ್ಲಿ ದಾರಿಯೂ ದೇವಕಿಯ ಹೆಜ್ಜೆಯೂ

ಮನೆಯ ಮುಂದಿನ ದಾರಿಯನ್ನು ನಾವು ಯಾರಿಗಾಗಿ ಮಾಡಿಸುತ್ತೇವೆ ಎಂಬುದು, ಮಾಡಿಸಿ ಮುಗಿದ ಮೇಲಷ್ಟೇ ಗೊತ್ತಾಗುವ ಸಂಗತಿ. ನಾನು ಮಾಡಿಸಿದ್ದು ಕಾರಿಗಾಗಿ. ಆ ಕಾರು ಬೆಳಿಗ್ಗೆ ಹೊನ್ನಾವರದ ಆಫೀಸಿಗೆ ಹೊರಡುವಾಗ ಒಮ್ಮೆ, ಸಂಜೆ ಕುಮಟೆಯ ಈ ಮನೆಗೆ ಮರಳುವಾಗ ಒಮ್ಮೆ ಅದರ ಮೇಲೆ ಹರಿಯುತ್ತದೆ. ಉಳಿದ ಹೊತ್ತೆಲ್ಲ ಅಲ್ಲಿ ಓಡಾಡುವುದು ಮನುಷ್ಯರ ಕಾಲು. ಕಾಲುಗಳ ಬಗ್ಗೆ ನಾನು ಯೋಚಿಸಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಗೇಟಿನಿಂದ ಜಗಲಿಯವರೆಗೆ ನಮ್ಮದು ಕೆಂಪು ಮಣ್ಣಿನ ಏರು. ಮಳೆಗಾಲದಲ್ಲಿ ಕಾರು ಅದನ್ನು ಹತ್ತುವ ಬದಲು ಅಡ್ಡಡ್ಡ ಜಾರಿ ದಾಸವಾಳದ ಬೇಲಿಯನ್ನು ಮಾತಾಡಿಸಿ ಬರುತ್ತಿತ್ತು. ಓಂ ಬೀಚ್ ಹತ್ತಿರದ ಒಂದು ಗೆಸ್ಟ್ ಹೌಸಿನಲ್ಲಿ ಜಲ್ಲಿ ಹಾಸಿದ ದಾರಿ ಕಂಡು, ಚಕ್ರದಡಿಯ ಆ ಚರಚರ ಸದ್ದಿಗೆ ಮರುಳಾಗಿ, ನಮ್ಮಲ್ಲೂ ಹಾಗೇ ಆಗಲಿ ಎಂದೆ. ಇದು ನನ್ನ ನೆನಪು. ಹೆಂಡತಿ ಸುಮನಾಳ ಪ್ರಕಾರ ನಾವು ಯಾವ ಗೆಸ್ಟ್ ಹೌಸಿನ ಒಳಗೂ ಕಾಲಿಟ್ಟವರಲ್ಲ. ಅದನ್ನು ನೋಡಿದ್ದು ಭಟ್ಕಳದಲ್ಲಿ, ಅವಳ ಚಿಕ್ಕಮ್ಮನ ಮಗನ ಗೃಹಪ್ರವೇಶದಲ್ಲಿ. ಅವತ್ತು ನಾನು ಬೂಟಿನೊಳಗೆ ಕಲ್ಲು ಹೊಕ್ಕಿತೆಂದು ಊಟ ಮುಗಿಯುವವರೆಗೂ ಗೊಣಗಿದ್ದೆ. ತೊಂದರೆಯೆಂದರೆ, ಬೂಟಿನ ಕಲ್ಲು ನನಗೂ ನೆನಪಿದೆ. ಆದರೂ ಈ ಪ್ರಬಂಧದಲ್ಲಿ ಗೆಸ್ಟ್ ಹೌಸೇ ಇರಲಿ, ಚೆನ್ನಾಗಿ ಕಾಣುತ್ತದೆ.

ಮೇಲ್ಮಣ್ಣು ಕೆರೆಸಿ, ಚಿರೆಕಲ್ಲಿನ ಪುಡಿ ಹಾಸಿ ಬಡಿಸಿ, ಎರಡೂ ಅಂಚಿಗೆ ಕಲ್ಲು ಹೂಳಿಸಿ, ಎರಡು ಲೋಡು ಜಲ್ಲಿ ಸುರಿಸಿದ್ದಾಯಿತು. ಮೊದಲ ಮಳೆಗೆ ಅರ್ಧ ಜಲ್ಲಿ ಇಳಿದು ಬಂದು ಗೇಟಿನ ಬಳಿ ಗುಂಪುಗೂಡಿ ನಿಂತಿತು, ಬಸ್ಸಿಗೆ ಕಾದವರಂತೆ. ಪ್ರತಿ ಭಾನುವಾರ ಅದನ್ನು ಸಲಿಕೆಯಲ್ಲಿ ಎಳೆದು ಮೇಲಕ್ಕೆ ಕಳಿಸುವುದು, ನಡುವೆ ತಲೆಯೆತ್ತಿದ ನಾಚಿಕೆ ಮುಳ್ಳು ಕೀಳುವುದು ನನ್ನ ಕೆಲಸವಾಯಿತು. ಸುಳ್ಳೇಕೆ ಹೇಳಲಿ, ಆ ಕೆಲಸ ನನಗೆ ಹಿತವಾಗಿಯೇ ಇತ್ತು. ಆಫೀಸಿನಲ್ಲಿ ತಳ್ಳಿದ ಕಾಗದ ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ. ಜಲ್ಲಿ ಎಲ್ಲಿಗೆ ಹೋಗುತ್ತದೆಂದು ಗೊತ್ತು.

ಹೀಗಿರುವಾಗ ದೇವಕಿ ಬರುವುದು ನಿಂತಿತು. ದೇವಕಿ ನಮ್ಮ ಕೇರಿಗೆ ಮೀನು ತರುವವಳು. ಅವಳ ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ವರ್ಷಗಳಿಂದ ನಮ್ಮ ಜಗಲಿಯಲ್ಲೇ. ಶಾಲೆಗೆ ಹೊರಡುವ ಮುನ್ನ ಸುಮನಾ ಅವಳ ತಲೆಯ ಬುಟ್ಟಿಗೆ ಕೈಕೊಟ್ಟು ಇಳಿಸಿ, ಬಂಗಡೆಯನ್ನೋ ನೊಗಲಿಯನ್ನೋ ಆರಿಸಿಕೊಳ್ಳಬೇಕು. "ಅಕ್ಕೋರ ಕೈಗುಣ ಅಂದ್ರೆ ಕೈಗುಣ. ಇಲ್ಲಿ ಬೋಣಿ ಆದ್ರೆ ಹತ್ತು ಗಂಟೆಗೆಲ್ಲ ಬುಟ್ಟಿ ಖಾಲಿ" ಎಂದು ದೇವಕಿ ಊರೆಲ್ಲ ಸಾರಿದ್ದಳು. ಟೀಚರಾಗಿ ಸುಮನಾಳಿಗೆ ಸಿಕ್ಕ ಮರ್ಯಾದೆ ಒಂದು ತೂಕವಾದರೆ, ಈ ಕೈಗುಣದ್ದು ಎರಡು ತೂಕ.

ಈಗ ದೇವಕಿ ನಮ್ಮ ಗೇಟಿನ ಮುಂದೆ ಹಾದು ಸೀದಾ ಪಕ್ಕದ ಶಾರದಕ್ಕನ ಅಂಗಳಕ್ಕೆ ಹೋಗತೊಡಗಿದಳು. ಸುಮನಾ ರಸ್ತೆಗೇ ಹೋಗಿ ತಡೆದಳು.

"ಎಂತ ದೇವಕೀ, ನಮ್ಮನೆ ಮರ್ತೇ ಹೋಯ್ತನೇ?"

"ಮರೂದೆಲ್ಲಿ ಅಕ್ಕೋರೆ! ತಲೆ ಮೇಲೆ ಬುಟ್ಟಿ ಇಟ್ಕಂಡು ಕಾಲ್ಬುಡ ನೋಡೂಕೆ ಆಗ್ತದಾ? ಮೆಟ್ಟಿದ ಕಲ್ಲು ಓಡ್ತದೆ. ನಾನು ಬಿದ್ರೆ ಏಳ್ತೆ, ಮೀನು ಏಳ್ತದಾ? ನಿಮ್ಮನೆಯವ್ರು ದಾರಿ ಮಾಡ್ಸಿದ್ದು ಜನ ಬರೂಕೋ, ಬರದೇ ಇರೂಕೋ?" ಎಂದವಳು, ಹೊರಡುವಾಗ ಮೆಲ್ಲಗೆ ಸೇರಿಸಿದಳು: "ಈಗೀಗ ಶಾರದಕ್ಕನ ಕೈಯೂ ಅಡ್ಡಿಲ್ಲ."

ಅಡ್ಡಿಲ್ಲ! ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಸುಮನಾ ಸೀದಾ ಅಡುಗೆಮನೆಗೆ ಹೋದಳು. ಮೂರು ದಿನ ಬೇಳೆ ಸಾರು ಮಾಡಿದಳು. ನಾಲ್ಕನೆಯ ದಿನ ನಾನು, "ಗೇಟಿಗೇ ಹೋಗಿ ತಗೊಂಡ್ರೆ ಆಗದಾ?" ಎಂದೆ. "ಬೋಣಿ ಮನೆ ಬಾಗಿಲಲ್ಲಿ ಆಗೂದು. ರಸ್ತೆ ಮೇಲೆ ಆಗೂದು ಅಪಘಾತ" ಎಂದಳು.

ಶನಿವಾರ ಚಿರೆಕಲ್ಲನ್ನು ತೆಳ್ಳಗೆ ಸೀಳಿಸಿ ತಂದು, ದಾರಿಯ ನಡುವೆ ಜಲ್ಲಿಯ ಮಟ್ಟಕ್ಕೇ ಒಂದೊಂದಾಗಿ ಹೂಳಿದೆ. ನಡೆದು ನೋಡಿದೆ, ಭೇಷಾಗಿತ್ತು. ಮರುದಿನ ಬೆಳಿಗ್ಗೆ ಕರೆದಾಗ ದೇವಕಿ ಗೇಟಿನಿಂದಲೇ ಒಂದು ಕಲ್ಲಿಗೆ ಕಾಲಿಟ್ಟು ಎರಡನೆಯದನ್ನು ತಡಕಾಡಿ ಹಿಂದೆ ಸರಿದಳು. "ಇದು ಸಾಹೇಬ್ರ ದಾಪುಗಾಲು. ನನ್ನ ಕಾಲು ಅಷ್ಟು ದೂರ ಹೋಗೂದಿಲ್ಲ."

ಹಾಗಾದರೆ ಅವಳ ಹೆಜ್ಜೆ ಎಷ್ಟು? ಅವಳಿಗೂ ಗೊತ್ತಿಲ್ಲ. ಸುಮನಾಳ ಸೀಮೆಸುಣ್ಣ ಹಿಡಿದು ರಸ್ತೆಗಿಳಿದೆ. ದೇವಕಿ ಬುಟ್ಟಿ ಹೊತ್ತು ಎಂದಿನಂತೆ ನಡೆಯುವುದು, ನಾನು ಬೆನ್ನ ಹಿಂದೆ ಬಗ್ಗಿಕೊಂಡು ಅವಳ ಪ್ರತಿ ಹೆಜ್ಜೆಗೆ ಗೆರೆ ಎಳೆಯುವುದು. ಪುಟ್ಟ ಪುಟ್ಟ ಹೆಜ್ಜೆ, ಸರಸರ ವೇಗ, ಕುತ್ತಿಗೆ ಮಾತ್ರ ಅಲುಗದು.

"ಎಂತ ಹುಡುಕ್ತ್ರಿ ಸಾಹೇಬ್ರೆ? ನನ್ನ ಬುಟ್ಟಿಂದ ಬೆಕ್ಕಿಗೂ ಒಂದು ಶೆಟ್ಲಿ ಮೀನು ಬಿದ್ದದ್ದಿಲ್ಲ!" ಎಂದಳು, ತಿರುಗದೆ. ಕೇರಿಯೆಲ್ಲ ಬಾಗಿಲಿಗೆ ಬಂದಿತ್ತು. ಸುಮನಾ ಗೇಟು ಹಿಡಿದು ನಗುತ್ತಿದ್ದಳು. ಅಂದರೆ, ನಗುತ್ತಿದ್ದಳು ಎಂದು ನನಗೆ ಈಗ ಅನಿಸುತ್ತದೆ. ಆಗ ನನಗೆ ಕಾಣುತ್ತಿದ್ದುದು ದೇವಕಿಯ ಹಿಮ್ಮಡಿ ಮಾತ್ರ.

ಉಳಿದ ಭಾನುವಾರವೆಲ್ಲ ಕಲ್ಲು ಕಿತ್ತು, ಗೆರೆಗಳ ಅಳತೆಗೆ ಮತ್ತೆ ಹೂತೆ. ಸೋಮವಾರ ಬೆಳಿಗ್ಗೆ ದೇವಕಿ ಕೆಳಗೆ ನೋಡದೆ ಸೀದಾ ಜಗಲಿಗೆ ಬಂದಳು. ಸುಮನಾ ಬುಟ್ಟಿ ಇಳಿಸಿ, ಬೇಕೆಂದೇ ಬಹಳ ಹೊತ್ತು ಆರಿಸಿದಳು. ಹತ್ತು ಗಂಟೆಗೆ ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡ ದೇವಕಿ ಶಾಲೆಯ ಬೇಲಿಯಿಂದಲೇ ಕೂಗಿದಳಂತೆ, "ಆತು ಅಕ್ಕೋರೆ, ಎಲ್ಲ ಆತು!" ಅಂದು ದೋಣಿಗಳಿಗೆ ಮೀನೇ ಕಡಿಮೆ ಬಿದ್ದು ಎಲ್ಲರ ಬುಟ್ಟಿಯೂ ಬೇಗ ಖಾಲಿಯಾಗಿತ್ತೆಂದು ನನಗೆ ಆಫೀಸಿನಲ್ಲಿ ತಿಳಿದಿತ್ತು. ಸಂಜೆ ಹುರಿದ ಬಂಗಡೆಯ ಮುಂದೆ ಕೂತು ಅದನ್ನು ಹೇಳುವಷ್ಟು ಸತ್ಯವಂತ ನಾನಲ್ಲ.

ಈಗ ಎಲ್ಲ ಸುಖವಾಗಿದೆ. ಆದರೆ ಗೇಟಿಗೆ ಹೋಗಿ ಬರಲು ನನಗಿರುವುದೂ ಅವೇ ಕಲ್ಲು. ಒಂದು ಬಿಟ್ಟು ಒಂದು ಮೆಟ್ಟಿದರೆ ಕಾಲು ಸೀಳುತ್ತದೆ, ಪ್ರತಿಯೊಂದನ್ನು ಮೆಟ್ಟಿದರೆ ದೇವಕಿಯಾಗುತ್ತೇನೆ. ಮೊನ್ನೆ ಬೆಳಿಗ್ಗೆ ಪೇಪರು ತರಲು ಹೊರಟಾಗ ಶಾರದಕ್ಕ ಬೇಲಿಯಾಚೆಯಿಂದ ಸ್ವಲ್ಪ ಹೊತ್ತು ನೋಡಿ ಕೇಳಿದರು: "ಅಲ್ಲಾ ಭಾವಾ, ಕುತ್ತಿಗೆ ಯಾಕೆ ಹಾಂಗೆ ಹಿಡ್ಕಂಡಿದ್ರಿ? ತಲೆ ಮೇಲೆ ಎಂತ ಅದೆ?"

ಏನಿಲ್ಲವೆಂದು ತಲೆಯಾಡಿಸಬಹುದಿತ್ತು. ಆಡಿಸಲಿಲ್ಲ. ಬಿದ್ದೀತು ಎನಿಸಿತು.