ಗುದ್ದಿದವರು ಯಾರೂ ಇಲ್ಲ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳು ಇರುವತನಕ ನನಗೆ ಕೆಲಸಕ್ಕೂ ಬರವಿಲ್ಲ, ನಗುವಿಗೂ ಬರವಿಲ್ಲ. ನಾನು ವಿಮೆಯ ಸರ್ವೇಯರ್. ಹೊಲ ಅಳೆಯುವ ಸರ್ವೇಯರ್ ಅಲ್ಲ, ಜಜ್ಜಿಹೋದ ಕಾರು ನೋಡುವ ಸರ್ವೇಯರ್. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ನಮ್ಮ ಜನ ಕಾರಿನ ಮಾತು ಬಿಟ್ಟು ಬದುವಿನ ತಕರಾರು ತೆಗೆಯುತ್ತಾರೆ.

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಗಿಳಿಯುತ್ತವೆ. ಅವುಗಳ ಹಿಂದೆ ದೀಪ ಇರುವುದಿಲ್ಲ, ಇದ್ದರೂ ಉರಿಯುವುದಿಲ್ಲ. ಟ್ರೇಲರಿನ ಹಿಂದೆ ಒಂದು ಕಾರು, ಅದರ ಹಿಂದೆ ಇನ್ನೊಂದು ಕಾರು. ಮುಂದಿನದು ಗಕ್ಕನೆ ನಿಂತರೆ ಹಿಂದಿನದು ನೇರವಾಗಿ ಅದರ ಬೆನ್ನಿಗೆ.

ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಒಂದೇ ಮಾತು: ಗುದ್ದಿದವರು ಅಂತ ಈ ಭೂಮಿಯ ಮೇಲೆ ಯಾರೂ ಇಲ್ಲ. ಹಿಂದಿನವನನ್ನು ಕೇಳಿದರೆ, "ಮುಂದಿನಾಂವ ಬ್ರೇಕ್ ಹಾಕಿದಾರಿ" ಎನ್ನುತ್ತಾನೆ. ಮುಂದಿನವನು, "ಹಿಂದಿನಾಂವ ಬಂದು ಹಾಯ್ದಾರಿ" ಎನ್ನುತ್ತಾನೆ. ಟ್ರ್ಯಾಕ್ಟರಿನವನದು ಯಾವಾಗಲೂ ಒಂದೇ ಮಾತು, "ನಾ ಸುಮ್ಮನ ನಿಂತಿದ್ನಿರಿ." "ನಾನೇ ಗುದ್ದಿದೆ" ಎಂದು ಜನ ತಾವಾಗಿ ಒಪ್ಪಿಕೊಂಡದ್ದನ್ನು ಒಂದೇ ಒಂದು ಸಲ ನೋಡಿದ್ದೇನೆ. ಆ ಒಪ್ಪಿಗೆಯಿಂದ ಒಂದು ಮದುವೆಯೇ ಮುರಿದುಬೀಳುವುದರಲ್ಲಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಪುರಾವೆ ಮೇಯ್ದ ಎಮ್ಮೆ

ಕಾಗವಾಡದ ದ್ರಾಕ್ಷಿ ತೋಟದ ಯಜಮಾನರೊಬ್ಬರು ಫೋನ್ ಮಾಡಿದರು. ನಿಂತಿದ್ದ ಕಬ್ಬಿನ ಟ್ರೇಲರಿಗೆ ಇವರ ಕಾರು ಹಿಂದಿನಿಂದ ಗುದ್ದಿ, ನಾಲ್ಕಾರು ಕಬ್ಬು ಮುಂದಿನ ಜಾಲರಿ ಸೀಳಿಕೊಂಡು ರೇಡಿಯೇಟರಿನೊಳಗೆ ಹೊಕ್ಕಿದ್ದವು. ನಾನು ಸ್ಪಷ್ಟವಾಗಿ ಹೇಳಿದೆ: "ಗಾಡಿ ಹೆಂಗೈತಿ ಹಂಗಽ ಇರ್ಲಿ. ಯಾರೂ ಏನೂ ಮುಟ್ಟಬ್ಯಾಡ್ರಿ. ನಾ ಬಂದು ನೋಡ್ತೀನಿ."

ಹೋಗಿ ನೋಡಿದರೆ ಅಂಗಳದಲ್ಲಿ ಕಾರು ಮದುಮಗನ ಹಾಗೆ ನಿಂತಿದೆ. ತಿಕ್ಕಿ ತೊಳೆದಿದ್ದಾರೆ. ಮುರಿದ ಬಾನೆಟ್ಟಿಗೆ ಅರಿಶಿನ ಕುಂಕುಮ, ಮೇಲೊಂದು ಚೆಂಡು ಹೂವಿನ ಮಾಲೆ. ನನಗೆ ತಲೆ ಕೆಟ್ಟುಹೋಯಿತು.

"ಮುಟ್ಟಬ್ಯಾಡ್ರಿ ಅಂತ ಹೇಳಿದ್ನೆಲ್ರಿ?"

"ಮನಿಗೆ ದೊಡ್ಡವ್ರು ಬರ್ತಾರಂದ ಮ್ಯಾಲ ಗಾಡಿ ರಾಡಿ ಇಟ್ಕೊಂಡು ಕುಂದ್ರಾಕ ಆಗತೈತೇನ್ರಿ ಸಾಹೇಬ್ರ?"

"ಅದು ಇರ್ಲಿ. ಒಳಗ ಹೊಕ್ಕಿದ್ದ ಕಬ್ಬು ಎಲ್ಲದಾವು? ಅದಽ ನನಗ ಪುರಾವೆ."

ಯಜಮಾನರು ಹೆಂಡತಿಯ ಮುಖ ನೋಡಿದರು. ಆಕೆ ಕೊಟ್ಟಿಗೆಯ ಕಡೆ ನೋಡಿದಳು. ಅಲ್ಲಿ ಎಮ್ಮೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

"ಸುಮ್ಮನ ಒಣಗಾಕತ್ತಿದ್ವು ಅಂತ ಹಾಕಿಬಿಟ್ನಿರಿ," ಎಂದಳು ಪಾಪ.

ಪುಣ್ಯಕ್ಕೆ ಟ್ರ್ಯಾಕ್ಟರಿನವನು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಂಡಿದ್ದ, ಕ್ಲೇಮು ಉಳಿಯಿತು. ಆದರೂ ನನ್ನ ಬಾಡಿದ ಮುಖ ನೋಡಿ ಯಜಮಾನರಿಗೆ ಸಮಾಧಾನವಾಗಲಿಲ್ಲ. ಎಮ್ಮೆಯ ಹಗ್ಗ ಬಿಚ್ಚಿಕೊಂಡು ಬಂದೇಬಿಟ್ಟರು.

"ಕಬ್ಬು ಹ್ವಾದ್ರೇನಾತ್ರಿ, ತಿಂದದ್ದು ಇಲ್ಲೇ ಐತೆಲ್ಲ. ಗಾಡಿ ಬಾಜೂಕ ನಿಲ್ಲಸ್ತೀನಿ, ಇದರದೂ ಒಂದು ಫೋಟೋ ತಗೋರಿ."

ಊಟ ಮಾಡಿಹೋದ ಅಪರಿಚಿತ

ನಮ್ಮ ಮಹಾರಾಷ್ಟ್ರ ಗಡಿಯ ರಸ್ತೆ ಜಗಳಕ್ಕೆ ಒಂದು ಪದ್ಧತಿ ಇದೆ. ಅದು ಮರಾಠಿಯಲ್ಲಿ ಶುರುವಾಗುತ್ತದೆ, ಸಿಟ್ಟು ಏರಿದಾಗ ಕನ್ನಡಕ್ಕೆ ಬರುತ್ತದೆ. ಕನ್ನಡ ಕೇಳಿದ ಕೂಡಲೇ ಎದುರಿನವನು, "ಯಾವೂರ್ರಿ ನಿಮ್ದು?" ಎನ್ನುತ್ತಾನೆ. ಅಲ್ಲಿಗೆ ಜಗಳ ಮುಗಿಯಿತು, ನೆಂಟಸ್ತನ ಶುರುವಾಯಿತು.

ಭೋಜದ ರೈತರೊಬ್ಬರ ಕಾರಿಗೆ ನಿಪ್ಪಾಣಿ ರಸ್ತೆಯಲ್ಲಿ ಯಾರೋ ಹಿಂದಿನಿಂದ ಗುದ್ದಿದ್ದರು. ಡಿಕ್ಕಿಯ ಬಾಗಿಲು ಒಳಗೆ ಕೂತುಬಿಟ್ಟಿತ್ತು.

"ಗುದ್ದಿದ ಗಾಡಿ ನಂಬರ್ ಹೇಳ್ರಿ."

"ನಂಬರ್ ನೋಡಿಲ್ರಿ."

"ಓಡಿಹೋದ್ನೇನು?"

"ಛೇ ಛೇ! ಓಡಿ ಯಾಕ ಹೋಗ್ತಾರ್ರೀ? ನಮ್ಮ ಮನಿಗೆ ಬಂದು ಊಟಾ ಮಾಡಿ ಹೋಗ್ಯಾರ."

ನಾನು ಪೆನ್ನು ಕೆಳಗಿಟ್ಟೆ. ಅವರು ಉತ್ಸಾಹದಿಂದ ಹೇಳುತ್ತ ಹೋದರು. ಗುದ್ದಿದವರ ಹಿರಿಯ ಮಗಳನ್ನು ಉಗಾರ ಖುರ್ದಕ್ಕೆ ಕೊಟ್ಟಿದ್ದಾರೆ. ಅಳಿಯನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಮಾವನಿಗೆ ಸಕ್ಕರೆ ಕಾಯಿಲೆ. ಅದಕ್ಕೇ ಹೋಳಿಗೆ ಬಡಿಸಲಿಲ್ಲ, ಬರೀ ಜೋಳದ ರೊಟ್ಟಿ, ಝುಣಕಾ. ಮೊಣಕಾಲು ನೋವಿಗೆ ಮಿರಜದಲ್ಲಿ ಔಷಧ ನಡೆದಿದೆ.

"ಎಲ್ಲಾ ಬರೋಬ್ಬರಿ. ಹೆಸರೇನು?"

ರೈತರು ಯೋಚನೆಗೆ ಬಿದ್ದರು. "ಹೆಸರು ಕೇಳೂದಽ ಮರತ್ನಿರಿ. 'ಪಾವಣ್ಯಾರ' ಅಂತ ಕರದ್ನಿ, ಓ ಅಂದ್ರು." ನಮ್ಮ ಕಡೆ ಪಾವಣ್ಯಾರ ಎಂದರೆ ನೆಂಟರು. ಯಾರು ಕರೆದರೂ ಯಾರು ಬೇಕಾದರೂ ಓ ಎನ್ನಬಹುದು.

"ಹಂಗಾದ್ರ 'ಗುರುತು ಪರಿಚಯ ಇಲ್ಲದ ವ್ಯಕ್ತಿ' ಅಂತ ಬರೀತೀನಿ," ಎಂದೆ. ಅವರು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು.

"ಹಂಗ ಬರೀಬ್ಯಾಡ್ರಿ ಸಾಹೇಬ್ರ! ನಾಳೆ ಅವರಿಗೆ ಗೊತ್ತಾದ್ರ ಎಷ್ಟ ಬ್ಯಾಸರ ಮಾಡ್ಕೋತಾರ!"

ಬಸ್ತಾಕ್ಕೆ ಹೊರಟ ಬೀಗರು

ಇನ್ನು ಆ ಮದುವೆಯ ಮಾತು. ಅಥಣಿ ಕಡೆಯ ಹುಡುಗಿ, ರಾಯಬಾಗದ ಹುಡುಗ. ನಿಶ್ಚಯ ಮುಗಿದಿತ್ತು. ಮದುವೆಯ ಬಟ್ಟೆ ಕೊಳ್ಳಲು ಎರಡೂ ಮನೆಯವರು ಸೇರಿ ಹೋಗುವ ಪದ್ಧತಿಗೆ ನಮ್ಮಲ್ಲಿ ಬಸ್ತಾ ಎನ್ನುತ್ತಾರೆ. ಆ ದಿನ ಬಸ್ತಾಕ್ಕೆಂದು ಎರಡು ಕಾರು ನಿಪ್ಪಾಣಿಗೆ ಹೊರಟಿದ್ದವು. ಮುಂದೆ ಹೆಣ್ಣಿನವರು, ಹಿಂದೆ ಗಂಡಿನವರು. ಚಿಕ್ಕೋಡಿ ಹತ್ತಿರ ಹಂಪ್ ಬಂತೆಂದು ಮುಂದಿನ ಕಾರು ನಿಧಾನವಾಯಿತು. ಹಿಂದಿನ ಕಾರು ಆಗಲಿಲ್ಲ.

ಯಾರಿಗೂ ಪೆಟ್ಟಾಗಿರಲಿಲ್ಲ. ಎರಡೂ ಕಾರಿನ ವಿಮೆ ಒಂದೇ ಕಂಪನಿಯದು, ಹಾಗಾಗಿ ನಾನೇ ಗ್ಯಾರೇಜಿಗೆ ಹೋದೆ. ಎರಡೂ ಮನೆಯವರು ಅಲ್ಲೇ ಇದ್ದರು. ಇಳಿಯುತ್ತಿದ್ದಂತೆಯೇ ಹುಡುಗಿಯ ತಂದೆ ನನ್ನನ್ನು ಟೈರುಗಳ ರಾಶಿಯ ಹಿಂದೆ ಎಳೆದುಕೊಂಡು ಹೋದರು.

"ಸಾಹೇಬ್ರ, ಬೀಗರು ಗುದ್ದಿದ್ರು ಅಂತ ಬರೀಬ್ಯಾಡ್ರಿ. ಹಿಂದ ಒಂದು ಸಂಬಂಧ ಚಹಾ ಆರಿತ್ತು ಅಂತ ಮುರದು ಹೋಗೈತಿ. ನಾನಽ ರಿವರ್ಸ್ ಬಂದು ಗುದ್ದೇನಿ ಅಂತ ಬರೀರಿ."

"ಮುಂದ ಹೋಗೋ ಗಾಡಿ ಹೆಂಗ ರಿವರ್ಸ್ ಬಂತ್ರೀ?"

"ಹೆಂಗರ ಬರ್ಲಿ. ಮಗಳ ಬಾಳೇದ ಮಾತೈತಿ!" ನನಗೂ ಹೆಣ್ಣುಮಗಳಿದ್ದಾಳೆ. ಸುಳ್ಳು ಬರೆಯಲು ಆಗದು, ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಈ ಕಡೆ ಬಂದರೆ ಹುಡುಗನ ತಂದೆ ಕಾಯುತ್ತ ನಿಂತಿದ್ದರು. "ತಪ್ಪೆಲ್ಲಾ ನಂದಽ ಸಾಹೇಬ್ರ. ಗಾಡಿ ಹೊಡಿಯಾಕತ್ತಿದ್ದಾಂವ ನಾನಽ, ಗುದ್ದಿದಾಂವ ನಾನಽ. ಬೀಗರ ಮ್ಯಾಲ ಒಂದು ಮಾತು ಬರಬಾರದು."

ಹುಡುಗಿಯ ತಂದೆಗೆ ಇದು ಕೇಳಿಸಿತು. ಓಡಿ ಬಂದರು.

"ಇಲ್ರಿ ಬೀಗರ, ಗುದ್ದಿದಾಂವ ನಾನು."

"ನೀವು ಹೆಂಗ ಗುದ್ದತೀರಿ? ನಾನು."

"ಗಂಡಿನ ಕಡಿಯವರು ಅಂತ ತಪ್ಪೂ ನೀವಽ ಮಾಡಬೇಕೇನ್ರಿ? ನಮಗೊಂದು ಮಾಡಾಕ ಬಿಡ್ರಿ!"

"ಅಂದ್ರ ನಾ ಸುಳ್ಳ ಹೇಳಾಕತ್ತೇನಿ ಅಂತೀರಿ?"

"ಹಂಗಾರ ನಾ ಸುಳ್ಳ ಏನು?"

ಮರ್ಯಾದೆಯಿಂದ ಶುರುವಾದದ್ದು ಮರ್ಯಾದೆಯ ಪ್ರಶ್ನೆಯಾಗಿ ನಿಂತಿತು. ಮೆಕ್ಯಾನಿಕ್ಕುಗಳು ಸ್ಪ್ಯಾನರ್ ಕೆಳಗಿಟ್ಟರು. ಹುಡುಗನ ತಂದೆ ಹೆಂಡತಿಯ ಕಡೆ ತಿರುಗಿ, "ನಡಿ, ಬಸ್ತಾ ಸಾಕು," ಎಂದುಬಿಟ್ಟರು. ಆಕೆ ಚೀಲ ಎತ್ತಿಕೊಂಡರು. ಹುಡುಗಿಯ ತಂದೆಯ ಮುಖದಲ್ಲಿ ರಕ್ತವೇ ಇಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಕಾರು ಮುರಿದರೆ ಬದಲಿ ಸಾಮಾನು ಸಿಗುತ್ತದೆ, ಸಂಬಂಧ ಮುರಿದರೆ ಎಲ್ಲಿಂದ ತರುವುದು?

ಆಗ ಹುಡುಗಿ ಮುಂದೆ ಬಂದಳು.

"ಸಾಹೇಬ್ರ, ನಮ್ಮ ಅಪ್ಪಾ ರಿವರ್ಸ್ ಬಂದಿಲ್ರಿ. ಮಾವಾರು ಗಾಡಿ ಹೊಡದಽ ಇಲ್ಲ. ಅವರು ಹಿಂದಿನ ಸೀಟಿನ್ಯಾಗ ಗೊರಕಿ ಹೊಡಿಯಾಕತ್ತಿದ್ರು."

ಎಲ್ಲರೂ ಹುಡುಗನನ್ನು ಹುಡುಕಿದರು. ಅವನು ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಬಂಪರೊಂದನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಿದ್ದ.

"ನಾ ಹೊಡಿಯಾಕತ್ತಿದ್ನಿರಿ," ಎಂದು ಲೈಸೆನ್ಸು ತೆಗೆದು ತೋರಿಸಿದ. "ಹಂಪ್ ಕಾಣ್ಲಿಲ್ಲ."

"ಹಾಡಹಗಲ ಹಂಪ್ ಕಾಣ್ಲಿಲ್ಲೇನ್ಲೇ? ಎತ್ತಾಗ ನೋಡಾಕತ್ತಿದ್ದಿ?" ಎಂದು ಅವನ ತಂದೆ ಗದರಿದರು. ಹುಡುಗನ ಕಿವಿ ಕೆಂಪಗಾದವು.

ಹುಡುಗಿಯೇ ಹೇಳಿದಳು: "ಅವರದೇನೂ ತಪ್ಪಿಲ್ರಿ. ನಾ ಹಿಂದಿನ ಗ್ಲಾಸಿನ್ಯಾಗಿಂದ ಕೈ ಮಾಡಿ ಕರದ್ನಿ. ಅವರು ಬಂದ್ರು."

ಮೊದಲು ನಕ್ಕವರು ಹುಡುಗನ ತಾಯಿ. ಚೀಲ ಕೆಳಗಿಟ್ಟು, ಸೆರಗು ಬಾಯಿಗಿಟ್ಟು, ಕಣ್ಣಲ್ಲಿ ನೀರು ಬರುವತನಕ ನಕ್ಕರು. ಆಮೇಲೆ ಬೀಗರಿಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಕ್ಕರು. ಹುಡುಗಿಯ ತಂದೆ ನಗುತ್ತಲೇ ಟವೆಲಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ನನ್ನ ಎದೆಯೂ ಹಗುರಾಯಿತು.

ಅಪಘಾತಕ್ಕೆ ಕಾರಣ ಬರೆಯುವುದು ಬಾಕಿ ಇತ್ತು. ಹಿಂದಿನಿಂದ ಗುದ್ದಿದ ಎಲ್ಲ ಪ್ರಕರಣಗಳಿಗೂ ನಾನು ಬರೆಯುವುದು ಒಂದೇ ವಾಕ್ಯ. ಬರೆಯುತ್ತ ಗಟ್ಟಿಯಾಗಿ ಓದಿದೆ: "ಮುಂದಿನ ವಾಹನದ ಮೇಲೆ ಚಾಲಕನ ಗಮನ ಇಲ್ಲದ ಕಾರಣ…"

ಅಷ್ಟು ಹೊತ್ತು ತಲೆ ತಗ್ಗಿಸಿ ನಿಂತಿದ್ದ ಹುಡುಗ ಥಟ್ಟನೆ ತಲೆ ಎತ್ತಿದ.

"ಅದೊಂದು ಸುಳ್ಳ ಬರೀಬ್ಯಾಡ್ರಿ ಸಾಹೇಬ್ರ. ಗಮನ ಎಲ್ಲಾ ಮುಂದಿನ ಗಾಡಿ ಮ್ಯಾಲಽ ಇತ್ತು!"