ಇಲ್ಲದ ಚೆಂಡಿಗೆ ಗುರಿ

ನನ್ನ ಗಂಡನನ್ನು ಗೆಲ್ಲಿಸಬೇಕೆಂದೇ ನಾನು ಪೂಲ್ ಆಟದ ವಿದ್ಯೆಯನ್ನು ಅಭ್ಯಾಸ ಮಾಡಿದ್ದು. ಅದಕ್ಕೆ ಮೊದಲೂ ಅವರು ಗೆಲ್ಲುತ್ತಲೇ ಇದ್ದರು ಎನ್ನುವ ಸಂಗತಿ ಆಗ ನನಗೆ ಅಷ್ಟು ಮುಖ್ಯವೆನಿಸಲಿಲ್ಲ.

ನಮ್ಮವರಿಗೆ ತಲ್ಲೂರಿನಲ್ಲಿ ಮೆಡಿಕಲ್ ಶಾಪ್. ಮಾತು ಬಹಳ ಕಡಿಮೆ. ಪಕ್ಕದ ಬೇಕರಿಯ ಭಾಸ್ಕರಣ್ಣ ಮುಂಬೈಯ ಹೋಟೆಲು ಮುಚ್ಚಿ ಊರಿಗೆ ಮರಳುವಾಗ ಪಾತ್ರೆ ಪಡಗದ ಜೊತೆಗೆ ಒಂದು ಪೂಲ್ ಟೇಬಲ್ಲನ್ನೂ ಲಾರಿಯಲ್ಲಿ ತಂದು ಬೇಕರಿಯ ಮಹಡಿಯಲ್ಲಿ ಹಾಕಿಸಿದ್ದರು. ಸಂಜೆ ತಮ್ಮನನ್ನು ಅಂಗಡಿಯಲ್ಲಿ ಕೂರಿಸಿ ನಮ್ಮವರು ಅಲ್ಲಿಗೆ ಹೋಗುತ್ತಿದ್ದರು. ಮನೆಗೆ ಬರುವಾಗ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಕೆಲವೊಮ್ಮೆ ಕೈಕಾಲು ತೊಳೆಯುತ್ತ ಹಾಡು ಗುನುಗುವುದೂ ಇತ್ತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಇವರಿಗೆ ಹಾಡು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಅಷ್ಟಕ್ಕೆ ಸಂತೋಷಪಟ್ಟು ನಾನು ಸುಮ್ಮನಿರಬಹುದಿತ್ತು.

ಒಂದು ರಜೆಯ ದಿನ ನೋಡಲು ಹೋದೆ. ಬಿಳಿ ಚೆಂಡನ್ನು ಕೋಲಿನಿಂದ ತಳ್ಳಿ, ಅದರಿಂದ ಬಣ್ಣದ ಚೆಂಡಿಗೆ ಹೊಡೆದು ಮೇಜಿನಂಚಿನ ತೂತಿಗೆ, ಅಂದರೆ ಪಾಕೆಟ್ಟಿಗೆ, ಬೀಳಿಸಬೇಕು. ಕೊನೆಗೆ ಕಪ್ಪು ಚೆಂಡು ಬೀಳಿಸಿದವರು ಗೆದ್ದರು. ಇಷ್ಟೇ ಆಟ. ಇವರು ಬಗ್ಗಿದರು, ಹೊಡೆದರು, ಚೆಂಡು ಬಿತ್ತು. ಮತ್ತೆ ಬಗ್ಗಿದರು, ಮತ್ತೆ ಬಿತ್ತು. ಸುತ್ತ ನಿಂತವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮೆಡಿಕಲ್ ಶಾಪಿನಲ್ಲಿ ಇವರನ್ನು ಯಾರೂ ಹಾಗೆ ನೋಡಿದ್ದಿಲ್ಲ.

"ಹ್ಯಾಂಗ್ ಗುರಿ ಇಡುದ್ ನೀವ್?" ಎಂದು ಕೇಳಿದೆ.

"ಪಾಕೆಟ್ ಕಾಂತೆ, ಚೆಂಡ್ ಕಾಂತೆ, ಹೊಡಿತೆ. ಅದ್ ಹೋತ್ತ್." ನೋಡುವುದು, ಹೊಡೆಯುವುದು, ಅಷ್ಟೇ ಅವರ ಲೆಕ್ಕ.

"ಕೋನ ಎಷ್ಟಂತ ಲೆಕ್ಕ ಹಾಕುದಿಲ್ಯಾ?"

"ಎಂತಾ ಕೋನ?"

ನಾನು ಬೈಂದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಕೋನ ಗೊತ್ತಿಲ್ಲದೆ ಒಬ್ಬ ಮನುಷ್ಯ ಇಷ್ಟು ದಿನ ಚೆಂಡು ಬೀಳಿಸುತ್ತಿದ್ದಾನೆ, ಅದೂ ನನ್ನ ಗಂಡ ಎನ್ನುವುದನ್ನು ನನ್ನಿಂದ ಸಹಿಸಲಾಗಲಿಲ್ಲ.

ಅದೇ ವಾರ ಸಾಲಿಗ್ರಾಮದಿಂದ ಅಣ್ಣನ ಫೋನು ಬಂತು. ಅವನೂ ಬ್ರಹ್ಮಾವರದಲ್ಲಿ ಪೂಲ್ ಆಡುತ್ತಾನೆ. "ಬಾವ ಭಾರಿ ಆಡ್ತ್ರಂಬ್ರಲೆ. ಬಪ್ಪ ಆಯ್ತ್ವಾರ ಬತ್ತೆ, ಒಂದ್ ಕೈ ಕಾಂಬ" ಎಂದು ಬರುವ ಭಾನುವಾರಕ್ಕೆ ಆಟ ಗೊತ್ತುಮಾಡಿದ. ಈ ಅಣ್ಣನೇ ನಮ್ಮ ಮನೆಯ ಮದುವೆ ಮುಂಜಿಗಳಲ್ಲೆಲ್ಲ, "ಬಾವಂಗೆ ಮಾತ್ರಿ ಹೆಸ್ರ್ ಬಿಟ್ರೆ ಬೇರೆ ಮಾತೇ ಬತ್ತಿಲ್ಲೆ" ಎಂದು ಎಲ್ಲರನ್ನೂ ನಗಿಸುವವನು. ಇವರೂ ನಗುತ್ತಾರೆ. ನನಗೆ ಮಾತ್ರ ಒಳಗೆ ಚುಚ್ಚುತ್ತದೆ. ಈ ಸಲ ಅವನ ಬಾಯಿ ಮುಚ್ಚಿಸಲೇಬೇಕೆಂದು ನಿರ್ಧರಿಸಿದೆ.

ಮೊಬೈಲಿನಲ್ಲಿ ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿದೆ. ಗುರಿ ಇಡುವ ಶಾಸ್ತ್ರ ಬಹಳ ಸುಂದರವಾಗಿತ್ತು. ಬಣ್ಣದ ಚೆಂಡಿನ ಬೆನ್ನಿಗೆ ಅಂಟಿಕೊಂಡು ಇನ್ನೊಂದು ಚೆಂಡು ಇದೆಯೆಂದು ಕಲ್ಪಿಸಿಕೊಳ್ಳಬೇಕು. ಬಿಳಿ ಚೆಂಡು ಹೋಗಿ ಸರಿಯಾಗಿ ಆ ಜಾಗದಲ್ಲಿ ನಿಲ್ಲುವಂತೆ ಹೊಡೆಯಬೇಕು. ಊಟದ ಮೇಜಿನ ಮೇಲೆ ಲಿಂಬೆಹಣ್ಣುಗಳನ್ನಿಟ್ಟು, ಸ್ಕೇಲು ಹಿಡಿದು ಪಾಠ ಆರಂಭಿಸಿದೆ.

"ಇಲ್ಲದ್ ಚೆಂಡ್ ನಂಗೆ ಹ್ಯಾಂಗ್ ಕಾಂತ್ ಮಾರಾಯ್ತಿ?"

"ಮನ್ಸಲ್ಲಿ ಕಾಣಿ."

ಅವರು ಬಹಳ ಹೊತ್ತು ಲಿಂಬೆಹಣ್ಣನ್ನೇ ನೋಡಿದರು. "ಪಾಠ ಮುಗ್ದ್ ಮೇಲೆ ಇದ್ರಲ್ಲಿ ಒಂದ್ ಶರಬತ್ತ್ ಮಾಡ್ಕೊಡ್" ಎಂದರು. ವಿದ್ಯಾರ್ಥಿಗೆ ಆಸಕ್ತಿ ಕಡಿಮೆ ಎಂದುಕೊಂಡೆ.

ಮರುದಿನದಿಂದ ಶಾಲೆ ಬಿಟ್ಟವಳು ನೇರ ಬೇಕರಿಯ ಮಹಡಿಗೆ ಹೋಗತೊಡಗಿದೆ. ಇವರ ಬೆನ್ನಹಿಂದೆ ನಿಂತು ಮೊಣಕೈ ಎತ್ತಿಸಿದೆ, ಗಲ್ಲ ತಗ್ಗಿಸಿದೆ, ಉಸಿರು ಯಾವಾಗ ಬಿಡಬೇಕೆಂದು ಹೇಳಿಕೊಟ್ಟೆ. ಚೆಂಡು ಬೀಳುವುದು ಕಡಿಮೆಯಾಯಿತು. "ಸುರುವಿಗೆ ಹಾಂಗೇ. ಆಮೇಲ್ ಸಮ ಆತ್ತ್" ಎಂದೆ. ಫೇಲಾದ ಮಕ್ಕಳ ತಂದೆತಾಯಿಗೆ ನಾನು ಹೇಳುವುದೂ ಇದನ್ನೇ.

"ಒಂದ್ ಸಲ ಮೊದ್ಲಿನ್ ಹಾಂಗೆ ಹೊಡಿಲಾ?" ಎಂದು ಇವರು ಕೇಳಿದರು. ನನ್ನ ಗಂಡ ನನ್ನ ಹತ್ತಿರ ಅಪ್ಪಣೆ ಕೇಳುತ್ತಿದ್ದಾರೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. "ಬೇಡ, ಹಳೇ ಅಭ್ಯಾಸ ಬಿಡ್ಕ್" ಎಂದುಬಿಟ್ಟೆ.

ಭಾಸ್ಕರಣ್ಣ ತಡೆಯಲಾರದೆ, "ಟೀಚರೇ, ಅವ್ರನ್ನ ಅವ್ರಷ್ಟಕ್ಕೆ ಬಿಡಿ ಕಾಂಬ" ಎಂದರು.

"ಬುಡ ಗಟ್ಟಿ ಇಲ್ದಿರೆ ಮುಂದೆ ಕಷ್ಟ, ಭಾಸ್ಕರಣ್ಣ."

"ಹಾಂಗಾರೆ ನೀವೇ ಒಂದ್ ಹೊಡ್ದ್ ತೋರ್ಸಿ."

ಅಷ್ಟರವರೆಗೆ ನಾನು ಕೋಲು ಮುಟ್ಟಿದವಳಲ್ಲ. ಆದರೂ ಸೆರಗು ಸಿಕ್ಕಿಸಿ, ಇಲ್ಲದ ಚೆಂಡನ್ನು ಚೆನ್ನಾಗಿ ಕಲ್ಪಿಸಿಕೊಂಡು ಹೊಡೆದೆ. ಬಿಳಿ ಚೆಂಡು ಮೇಜು ಬಿಟ್ಟು ಹಾರಿ, ಒಂದೊಂದೇ ಮೆಟ್ಟಿಲಿಳಿದು, ಕೆಳಗೆ ಬೇಕರಿಯೊಳಗೆ ಹೋಯಿತು. ಅಲ್ಲಿ ಗಾಜಿನ ಭರಣಿ ಒಡೆದ ಸದ್ದು ಕೇಳಿಸಿತು.

"ಕೋನ ಸಮ ಇದ್ದಿತ್, ಬಲ ಜಾಸ್ತಿ ಆಯ್ತ್" ಎಂದೆ. ಭಾಸ್ಕರಣ್ಣ ಪೊರಕೆ ಹುಡುಕುತ್ತ ಕೆಳಗಿಳಿದರು.

ಭಾನುವಾರ ಅಣ್ಣ ಇಬ್ಬರು ಗೆಳೆಯರೊಂದಿಗೆ ಬಂದ. ಅವನ ಆಟವೂ ಅಂಥದ್ದೇನಲ್ಲ. ಹೊಡೆದದ್ದಕ್ಕಿಂತ ಮಾತಾಡಿದ್ದು ಹೆಚ್ಚು. ಇವರು ಹೇಗೋ ಸುಧಾರಿಸಿಕೊಂಡು ಕೊನೆಯ ಕಪ್ಪು ಚೆಂಡಿನವರೆಗೆ ಬಂದರು. ಅದು ಪಾಕೆಟ್ಟಿನ ಬಾಯಲ್ಲೇ ಕೂತಿತ್ತು. ವಾರದ ಹಿಂದೆಯಾಗಿದ್ದರೆ ಇವರು ಚಹಾ ಕುಡಿಯುತ್ತಲೇ ಅದನ್ನು ಬೀಳಿಸುತ್ತಿದ್ದರು.

ಇವರು ಬಗ್ಗಿದರು. ಎದ್ದರು. ಮತ್ತೆ ಬಗ್ಗಿ, ತಲೆಯೆತ್ತಿ ನನ್ನ ಕಡೆ ನೋಡಿದರು.

ಆ ನೋಟಕ್ಕೆ ನಾನು ಬೇರೆ ಏನು ಮಾಡಿದ್ದರೂ ನಡೆಯುತ್ತಿತ್ತು. ನಕ್ಕಿದ್ದರೆ ಸಾಕಿತ್ತು. ಬೇರೆ ಕಡೆ ಮುಖ ತಿರುಗಿಸಿದ್ದರೂ ಸಾಕಿತ್ತು. ನಾನು ನನ್ನ ಮೊಣಕೈ ಮುಟ್ಟಿ ತೋರಿಸಿದೆ.

ಅವರು ವಿಧೇಯರಾಗಿ ಮೊಣಕೈ ಎತ್ತಿದರು, ಹೊಡೆದರು. ಕಪ್ಪು ಚೆಂಡು ಅಲ್ಲೇ ಉಳಿಯಿತು. ಬಿಳಿ ಚೆಂಡು ಪಾಕೆಟ್ಟಿಗೆ ಬಿತ್ತು, ಅದು ತಪ್ಪು ಹೊಡೆತ. ಕಪ್ಪೊಂದೇ ಬಾಕಿಯಿದ್ದ ಅಣ್ಣ ಮುಂದಿನ ಹೊಡೆತದಲ್ಲಿ ಆಟ ಮುಗಿಸಿದ.

"ಬಾವ, ಅದ್ ನಮ್ಮನಿ ಮಕ್ಳೂ ಹಾಕ್ತ್ರಲೆ" ಎಂದು ಅಣ್ಣ ಇವರ ಹೆಗಲ ಮೇಲೆ ಕೈ ಹಾಕಿದ. "ನಮ್ ತಂಗಿ ಲೆಕ್ಕದ್ ಟೀಚರ್ ಅಲ್ದಾ? ಅವ್ಳತ್ರ ಚೂರ್ ಹೇಳ್ಸ್ಕಣಿ."

ಎಲ್ಲರೂ ನಕ್ಕರು. ಇವರೂ ನಕ್ಕರು. ಹೇಳಿಸಿಕೊಂಡದ್ದರಿಂದಲೇ ಹೀಗಾಯಿತೆಂದು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸ್ಕೂಟರಿನಲ್ಲಿ ಮನೆಗೆ ಬರುವಾಗ, "ನಂಗೆ ಬೈದ್ ಬಿಡಿ" ಎಂದೆ.

"ಎಂತಕ್ಕೆ? ನೀ ಹೇಳದ್ದೆಲ್ಲ ಸಮವೇ ಇದ್ದಿತ್."

ಆಮೇಲೆ ಇವರು ಮಹಡಿ ಹತ್ತುವುದನ್ನು ಬಿಟ್ಟರು. ಸಂಜೆ ಅಂಗಡಿಯಲ್ಲೇ ಕೂತು ಮಾತ್ರೆಯ ಡಬ್ಬಿಗಳನ್ನು ಜೋಡಿಸುತ್ತಿದ್ದರು. ಭಾಸ್ಕರಣ್ಣ ಎರಡು ಸಲ ಕರೆದು ಸುಮ್ಮನಾದರು. ಮನೆಯಲ್ಲಿ ಹಾಡೂ ನಿಂತಿತು.

"ನಾ ಹೇಳದ್ದೆಲ್ಲ ಮರ್ತ್‌ಬಿಡಿ, ಮೊದ್ಲಿನ್ ಹಾಂಗೇ ಆಡಿ" ಎಂದು ಬೇಡಿಕೊಂಡೆ.

"ಮರೂಕೆ ಆತ್ತಿಲ್ಲೆ ಮಾರಾಯ್ತಿ. ಕೋಲ್ ಹಿಡ್ದ್ ಬಗ್ಗ್ರೆ ಈಗ ಇಲ್ಲದ್ ಚೆಂಡೇ ಕಾಂತ್. ಇದ್ದದ್ದ್ ಕಾಂತಿಲ್ಲೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ನಿದ್ದೆ ಬಾರದಿದ್ದದ್ದು ಅದಕ್ಕೇ.

ಕೊನೆಗೆ ಮೊನ್ನೆ ಸಂಜೆ ಧೈರ್ಯ ಮಾಡಿ ಜಗಲಿಯಲ್ಲಿ ಅವರ ಎದುರು ಕೂತು ಸರಿಯಾಗಿ ಕ್ಷಮೆ ಕೇಳಿದೆ. ತಪ್ಪು ಪೂರ್ತಿ ನನ್ನದೇ ಎಂದೆ. ಅವರ ಮುಖ ಸ್ವಲ್ಪ ಸಡಿಲವಾಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ತಪ್ಪು ಎಲ್ಲಿ ಆಯಿತೆಂದು ಸ್ಪಷ್ಟಪಡಿಸದಿದ್ದರೆ ಕ್ಷಮೆ ಅಪೂರ್ಣವಾಗುತ್ತದಲ್ಲ? ಮೊಣಕೈಗಿಂತ ಮೊದಲು ಮಣಿಕಟ್ಟನ್ನು ಸರಿಪಡಿಸಬೇಕಿತ್ತು, ಕಾಲಿನ ಅಂತರವನ್ನೂ ಗಮನಿಸಬೇಕಿತ್ತು ಎಂದು ವಿವರಿಸತೊಡಗಿದೆ. ಅವರು ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟಿದರು.

"ಹ್ವಾಯ್, ಎಲ್ಲಿಗ್ ಹೊರ್ಟ್ರಿ?"

"ಇಲ್ಲೇ ಒಂದ್ ಸುತ್ತ್ ಹೋಯಿ ಬತ್ತೆ. ನೀ ಪಾಠ ಮುಗ್ಸ್."

ಅವರು ಗೇಟು ದಾಟಿ ಹೋದರು. ಅದಾದ ಮೇಲೂ ಎರಡು ವಾಕ್ಯ ಹೇಳಿಯೇ ನಾನು ನಿಲ್ಲಿಸಿದ್ದು.