ಯಾರ ಬಲ?

ನಮ್ಮ ದೊಡ್ಡಪ್ಪನ ಮದುವೆಗೆ ದೇವರ ಒಪ್ಪಿಗೆ ಇದೆಯೋ ಇಲ್ಲವೋ ಎಂಬುದು ಅವರ ಮೊಮ್ಮಕ್ಕಳು ಶಾಲೆಗೆ ಹೋಗುವ ಕಾಲ ಬಂದರೂ ತೀರ್ಮಾನವಾಗಿರಲಿಲ್ಲ!

ಆದದ್ದಿಷ್ಟು. ದೊಡ್ಡಮ್ಮನ ತವರು ಮಾಗಡಿ ಕಡೆಯ ಗುಡೇಮಾರನಹಳ್ಳಿ. ಮದುವೆಯ ಮಾತು ಗಟ್ಟಿಯಾಗುವ ಮೊದಲು ಅವರ ಮನೆದೇವರ ಗುಡಿಯಲ್ಲಿ ಹೂ ಕೇಳಿದರು. ದೇವರ ಮೇಲೆ ಹೂವಿಟ್ಟು ಪ್ರಶ್ನೆ ಕೇಳುವುದು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಹೂ ಬಿತ್ತು. "ಬಲಕ್ಕೆ ಆಯ್ತು!" ಎಂದು ಎಲ್ಲರೂ ಕೈಮುಗಿಯುತ್ತಿರುವಾಗ ಕೈಲಾಂಚದಿಂದ ಬಂದಿದ್ದ ಮದುವೆ ಗಂಡು ಕೇಳಿತಂತೆ: "ಯಾರ ಬಲ?"

"ನಮ್ ಬಲ ಕಣಪ್ಪ," ಎಂದರು ಪೂಜಾರಿ.

"ದೇವ್ರು ನಮ್ ಕಡೆ ಮುಖ ಮಾಡ್ಕಂಡು ಕುಂತವ್ನೆ. ನಮ್ ಬಲ ಅಂದ್ರೆ ಅವನ ಎಡ. ಉತ್ತರ ಕೊಟ್ಟೋನು ಅವನು, ಅವನ ಬಲ ತಾನೆ ಲೆಕ್ಕ?"

ಹುಡುಗಿಯ ತಾತ ರೇಗಿದರು. "ನಿಂಗೆ ಹುಡ್ಗಿ ಒಪ್ಗೆ ಐತೋ ಇಲ್ವೋ, ಅದುನ್ನ ಹೇಳಪ್ಪ!"

"ಹುಡ್ಗಿ ಒಪ್ಗೇನೆ. ದೇವ್ರ ವಿಷ್ಯ ಬೇರೆ."

ಮದುವೆಯೇನೋ ಆಯಿತು. ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದಾಗಲೆಲ್ಲ ದೊಡ್ಡಪ್ಪ ಮೇಲೆ ನೋಡಿ, "ಅವನು ಅವತ್ತೇ ಬ್ಯಾಡ ಅಂದಿದ್ದ" ಎನ್ನುವರು. "ನಮ್ಮೂರ ದೇವ್ರು ನಮ್ ಬಲವೇ ನೋಡದು, ನಿಮ್ ಕೈಲಾಂಚದ ಕಾನೂನು ಅಲ್ಲಿ ನಡೆಯಕ್ಕಿಲ್ಲ!" ಎಂದು ದೊಡ್ಡಮ್ಮ ಇನ್ನೊಂದು ಸೌಟು ಸುರಿಯುವರು.

ರೋಗ ಗುಡಿಯಾಚೆಗೂ ಹಬ್ಬಿತು. ರೇಷ್ಮೆಗೂಡಿನ ಚೀಲ ಹಿಡಿದು ರಾಮನಗರದ ಬಸ್ಸು ಹತ್ತಿದ ದೊಡ್ಡಪ್ಪನಿಗೆ ಎದುರಿಗೆ ನಿಂತ ಕಂಡಕ್ಟರ್, "ಬಲಕ್ಕೆ ಸರ್ಕಳಿ" ಎಂದ. ಕೇಳದೆ ಇರುತ್ತಾರೆಯೇ?

"ಯಾರ ಬಲ?"

"ಟಿಕೆಟ್ ತಗಂಡಿರೋರ ಬಲ, ಯಜಮಾನ್ರೇ!"

ನಾನು ತತ್ವಶಾಸ್ತ್ರದ ಎಂ.ಎ.ಗೆ ಸೇರಿದಾಗ ಮನೆಯಲ್ಲಿ ಸಂತೋಷಪಟ್ಟವರು ಇವರೊಬ್ಬರೇ. "ಅದುನ್ನ ಓದುದ್ರೆ ಬಿಡದಿ ಫ್ಯಾಕ್ಟ್ರೀಲಿ ಕೆಲ್ಸ ಕೊಡ್ತಾರಾ?" ಎಂದರು ಅಪ್ಪ. ದೊಡ್ಡಪ್ಪ ನನ್ನ ಪರ ನಿಂತರು. "ದೇವ್ರ ಮುಂದೆ ನಿಂತು ಅದು ತತ್ತಾ, ಇದು ತತ್ತಾ ಅನ್ನದು ಭಕ್ತಿ ಕಣ್ಲಾ. ಯಾಕೆ ಅನ್ನದು ತತ್ವ. ಒಸಿ ಯಾಕೆ ಅನ್ನೋರೂ ಇರ್ಲಿ."

"ಹಾಗೆಲ್ಲ ಕೇಳಿದರೆ ದೇವರಿಗೆ ಕೋಪ ಬರುವುದಿಲ್ಲವಾ ದೊಡ್ಡಪ್ಪ?" ಎಂದೆ.

"ಹೇಳೋರು ಕೇಳೋರು ಇಲ್ದಿದ್ರೆ ಮನುಷ್ಯನೇ ಕೆಟ್ಟೋಯ್ತಾನೆ ಮಗಾ. ದೇವ್ರು ಕೆಡಕ್ಕಿಲ್ವಾ?"

ಇದನ್ನು ಪರೀಕ್ಷೆಯಲ್ಲಿ ಬರೆಯುವ ಧೈರ್ಯ ನನಗೆ ಬರಲಿಲ್ಲ.

ಹೋದ ವರ್ಷ ದೊಡ್ಡಮ್ಮನ ಹೃದಯಕ್ಕೆ ಆಪರೇಷನ್ ಆಗಲೇಬೇಕು, ತಡ ಮಾಡಬಾರದು ಎಂದರು ಡಾಕ್ಟರು. ದೊಡ್ಡಮ್ಮನದು ಒಂದೇ ಹಟ: "ಹೂ ಕೇಳ್ದೆ ನಾನು ಆಸ್ಪತ್ರೆ ಮೆಟ್ಲು ಹತ್ತಕ್ಕಿಲ್ಲ." ಕಾರು ಮಾಡಿಕೊಂಡು ಮತ್ತೆ ಅದೇ ಗುಡಿಗೆ ಹೋದೆವು. ಹೂ ಬಿತ್ತು, ಮದುವೆಗೆ ಬಿದ್ದ ಕಡೆಗೇ.

"ಬಲಕ್ಕೆ ಆಯ್ತು ಕಣವ್ವ!" ಎಂದರು ಪೂಜಾರಿ.

ದೊಡ್ಡಮ್ಮ ಕೈಮುಗಿಯಲಿಲ್ಲ. "ನಮ್ ಬಲ. ದೇವ್ರಿಗೆ ಎಡ," ಎಂದರು ಮೆಲ್ಲಗೆ. "ಇವ್ರು ಹೇಳ್ತಿದ್ದುದ್ದೇ ದಿಟ ಅನ್ನುಸ್ತದೆ. ಅವನು ಬ್ಯಾಡ ಅಂತವ್ನೆ. ನಡೀರಿ, ಮನೆಗೋಗಣ."

ಇಷ್ಟು ವರ್ಷ ವಾದ ಮಾಡಿ ದೊಡ್ಡಪ್ಪ ಸಂಪಾದಿಸಿದ ಒಬ್ಬಳೇ ಶಿಷ್ಯೆ! ಅವರು ನನ್ನ ಮುಖ ನೋಡಿದರು. ನಾನು ಪೂಜಾರಿಯ ಮುಖ ನೋಡಿದೆ. ಕೊನೆಗೆ ದೊಡ್ಡಪ್ಪನೇ ಹೋಗಿ ದೊಡ್ಡಮ್ಮನ ಪಕ್ಕದಲ್ಲಿ ನೆಲಕ್ಕೆ ಕುಳಿತರು.

"ನಾನು ಹೇಳ್ತಿದ್ದುದ್ದು ತಪ್ಪು ಕಣಮ್ಮಿ. ಅವನಿಗೆ ಎಲ್ಲೀ ಎಡ, ಎಲ್ಲೀ ಬಲ? ಎತ್ತಾಗ್ ತಿರುಗುದ್ರೂ ಅವನೇ. ಎಡ ಬಲ ಇರದು ನಮ್ಗೆ. ನಮ್ ಬಲವೇ ಲೆಕ್ಕ." ಬಿದ್ದ ಹೂವನ್ನು ದೊಡ್ಡಮ್ಮನ ಕೈಗಿಟ್ಟರು. "ನಾನು ಸೋತೆ."

ದೊಡ್ಡಮ್ಮ ಅವರನ್ನೇ ನೋಡಿದರು.

"ಹಂಗಾದ್ರೆ ನಮ್ ಮದ್ವೆಗೂ ಒಪ್ಪಿದ್ದ ಅನ್ನಿ."

"ಒಪ್ಪಿದ್ದ ಕಣಮ್ಮಿ. ಅವತ್ತೇ ಒಪ್ಪಿದ್ದ."

ದೊಡ್ಡಮ್ಮ ಆ ಹೂವನ್ನು ಮುಡಿದುಕೊಂಡು ಎದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಈಗ ಡಾಕ್ಟರು ದೊಡ್ಡಮ್ಮನಿಗೆ ಉಪ್ಪು ಕಡಿಮೆ ಮಾಡಿಸಿದ್ದಾರೆ. ಮನೆಮಂದಿಗೆಲ್ಲ ಸಪ್ಪೆ ಸಾರು. ನಾವು ಕದ್ದು ಉಪ್ಪು ಬೆರೆಸಿಕೊಳ್ಳುತ್ತೇವೆ. ದೊಡ್ಡಪ್ಪ ಮಾತ್ರ ಹಾಗೇ ಉಣ್ಣುತ್ತಾರೆ. ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ.